ಪೆಡಲ್ ತುಳಿಯೋ ಕಾಲಿಗೆ ಎಷ್ಟು ವ್ಯಾಟ್? ಸೈಕಲ್‌ಗೆ ಪವರ್ ಮೀಟರ್ ಆರಿಸೋದು ಹೇಗೆ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸೈಕಲ್‌ನಲ್ಲಿ ಗಂಟೆಗೆ 25 ಕಿ.ಮೀ. ವೇಗದಲ್ಲಿ ಹೋದ್ರಿ ಅಂದ್ಕೊಳ್ಳಿ. ಅದೇ ರಸ್ತೆಯಲ್ಲಿ, ಅದೇ 25ರ ವೇಗದಲ್ಲಿ ವಾಪಸ್ ಬಂದ್ರಿ. ಸ್ಪೀಡೋಮೀಟರ್ ಎರಡು ಸಲವೂ ಒಂದೇ ನಂಬರ್ ತೋರಿಸುತ್ತೆ. ಹಾಗಾದ್ರೆ ನಿಮ್ಮ ಕಾಲು ಎರಡು ಸಲವೂ ಒಂದೇ ಕೆಲಸ ಮಾಡ್ತಾ?

ಖಂಡಿತ ಇಲ್ಲ. ಎಷ್ಟು ವ್ಯತ್ಯಾಸ ಅಂತ ಲೆಕ್ಕ ಹಾಕಿದ್ರೆ ಪವರ್ ಮೀಟರ್ ಅನ್ನೋ ವಸ್ತು ಯಾಕೆ ಹುಟ್ಟಿತು ಅಂತ ತಾನಾಗೇ ಗೊತ್ತಾಗುತ್ತೆ. ಈ ಲೆಕ್ಕಕ್ಕೆ ಒಂದು ಕಾರಣವೂ ಇದೆ. ನಮ್ಮ ಸೈಕಲ್ ಗುಂಪಿನ ಒಬ್ಬ ಗೆಳೆಯ ಯೂನಿವರ್ಸಿಟಿ ಸೆಲೆಕ್ಷನ್‌ನ ಟೈಮ್ ಟ್ರಯಲ್‌ಗೆ ತಯಾರಾಗ್ತಿದ್ದಾನೆ. ಅವರ ಮನೆಯಲ್ಲಿ ಈ ಸಲದ ಅರಿಶಿನ ಮಾರಿದ ದುಡ್ಡಿನಲ್ಲಿ ಒಂದು ಮೊತ್ತ ಎತ್ತಿಟ್ಟು, "ಒಂದೇ ಸಲ ಕೊಡೋದು, ಯೋಚನೆ ಮಾಡಿ ತಗೋ" ಅಂದಿದ್ದಾರೆ. ತಪ್ಪು ಮೀಟರ್ ತಗೊಂಡ್ರೆ ಇನ್ನೊಂದು ಬೆಳೆ ಬರೋವರೆಗೂ ಕೇಳೋ ಹಾಗಿಲ್ಲ. ಹಾಗಾಗಿ ನಾವು ನಾಲ್ಕು ಜನ ಕೂತು ಇದನ್ನ ಒಂದು ಮಿನಿ ಪ್ರಾಜೆಕ್ಟ್ ಥರ ಓದಿದ್ವಿ. ಅದರ ಸಾರ ಇಲ್ಲಿದೆ.

ಮೊದಲು ನಮ್ಮ ರಸ್ತೆಯ ಲೆಕ್ಕ

ಚಾಮರಾಜನಗರ ಸಮುದ್ರಮಟ್ಟದಿಂದ ಸುಮಾರು 660 ಮೀಟರ್ ಎತ್ತರದಲ್ಲಿದೆ, ಗುಂಡ್ಲುಪೇಟೆ ಸುಮಾರು 815. ತೆರಕಣಾಂಬಿ ಮೇಲೆ ಹೋಗೋ ರಸ್ತೆ ಹೆಚ್ಚುಕಡಿಮೆ 35 ಕಿ.ಮೀ. ಅಂದ್ರೆ ಕಣ್ಣಿಗೆ ಚಪ್ಪಟೆಯಾಗಿ ಕಾಣೋ ಈ ರಸ್ತೆ ಒಟ್ಟಾರೆ 150 ಮೀಟರ್ ಏರುತ್ತೆ. ಇಳಿಜಾರು ಸರಾಸರಿ 0.43 ಪರ್ಸೆಂಟ್. ಬಸ್ಸಲ್ಲಿ ಕೂತವರಿಗೆ ಇದು ಗೊತ್ತೇ ಆಗಲ್ಲ, ತೊಡೆಗೆ ಗೊತ್ತಾಗುತ್ತೆ.

ಸೈಕಲ್ ಮತ್ತು ಸವಾರ ಸೇರಿ 75 ಕೆಜಿ ಇರಲಿ. ವೇಗ 25 ಕಿ.ಮೀ., ಅಂದ್ರೆ ಸೆಕೆಂಡಿಗೆ 6.94 ಮೀಟರ್. ಟೈರ್ ಉರುಳೋದಕ್ಕೆ ಬೇಕಾದ ಪವರ್, ರೋಲಿಂಗ್ ಗುಣಾಂಕ 0.006 ಹಿಡಿದ್ರೆ, ಸುಮಾರು 31 ವ್ಯಾಟ್. ಏರು ಹತ್ತೋದಕ್ಕೆ ಸುಮಾರು 22 ವ್ಯಾಟ್. ಇನ್ನು ಗಾಳಿ. ನಮ್ಮ ಎತ್ತರದಲ್ಲಿ, ನಮ್ಮ ಬಿಸಿಲಲ್ಲಿ ಗಾಳಿಯ ಸಾಂದ್ರತೆ ಘನ ಮೀಟರಿಗೆ 1.08 ಕೆಜಿ ಆಸುಪಾಸು. ನೆಟ್ಟಗೆ ಕೂತು ಓಡಿಸೋರ ಡ್ರ್ಯಾಗ್ ಏರಿಯಾ 0.40 ಚದರ ಮೀಟರ್ ಅಂತ ಇಟ್ಕೊಂಡ್ರೆ, ಗಾಳಿ ಬೀಸದ ದಿನ ಇದಕ್ಕೆ 72 ವ್ಯಾಟ್ ಬೇಕು. ಒಟ್ಟು 125.

ಈಗ ಜೂನ್-ಜುಲೈಗೆ ಬನ್ನಿ. ಗುಂಡ್ಲುಪೇಟೆ ಸುತ್ತ ಸೂರ್ಯಕಾಂತಿ, ಚೆಂಡು ಹೂ ಅರಳಿ, ಫೋಟೋ ತೆಗೆಯೋಕೆ ಕೇರಳದ ಕಾರುಗಳು ಸಾಲುಗಟ್ಟೋ ಕಾಲ ಹತ್ತಿರ. ಮುಂಗಾರು ಗಾಳಿ ನೈಋತ್ಯದಿಂದ ಬರುತ್ತೆ. ಚಾಮರಾಜನಗರದಿಂದ ನೋಡಿದ್ರೆ ಗುಂಡ್ಲುಪೇಟೆ ಇರೋದೂ ಹೆಚ್ಚುಕಡಿಮೆ ಅದೇ ದಿಕ್ಕಲ್ಲಿ. ಅಂದ್ರೆ ಹೋಗುವಾಗ ಏರೂ ಎದುರು, ಗಾಳಿಯೂ ಎದುರು. ಗಂಟೆಗೆ ಬರೀ 10 ಕಿ.ಮೀ. ಎದುರು ಗಾಳಿ ಅಂದ್ಕೊಳ್ಳಿ:

- ಹೋಗುವಾಗ: ಗಾಳಿಗೆ 142, ಟೈರ್‌ಗೆ 31, ಏರಿಗೆ 22. ಒಟ್ಟು 195 ವ್ಯಾಟ್.
- ಬರುವಾಗ: ಗಾಳಿಗೆ 26, ಟೈರ್‌ಗೆ 31, ಇಳಿಜಾರಿಂದ ಫ್ರೀಯಾಗಿ ಸಿಗೋದು 22. ಒಟ್ಟು 35 ವ್ಯಾಟ್.

ಒಂದೇ ರಸ್ತೆ, ಒಂದೇ ದಿನ, ಒಂದೇ ವೇಗ. ಆದರೆ ಕಾಲಿನ ಕೆಲಸದಲ್ಲಿ ಐದು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ! ಗಂಟೆಗಟ್ಟಲೆ 180 ವ್ಯಾಟ್ ಮಾತ್ರ ತುಳಿಯೋ ತಾಕತ್ತಿರೋನು ಸ್ಪೀಡೋಮೀಟರ್ ನೋಡ್ಕೊಂಡು "25 ಬಿಡಲ್ಲ" ಅಂತ ಹಠ ಹಿಡಿದ್ರೆ, ಗುಂಡ್ಲುಪೇಟೆ ಮುಟ್ಟೋ ಮೊದಲೇ ಸುಸ್ತಾಗಿ ಕೂರ್ತಾನೆ. ವಾಪಸ್ ಬರುವಾಗ ಅದೇ 25ರಲ್ಲಿ ಬಂದ್ರೆ ಅದು ಟ್ರೈನಿಂಗೇ ಅಲ್ಲ, ವಾಕಿಂಗ್.

ಹಾಗಾದ್ರೆ ಹಾರ್ಟ್ ರೇಟ್ ನೋಡಿದ್ರೆ ಸಾಲದಾ? ಎದೆಗೆ ಕಟ್ಟೋ ಪಟ್ಟಿ ಅಗ್ಗ, ಉಪಯೋಗವೂ ಇದೆ. ಆದರೆ ಹೃದಯ ನಿಧಾನಕ್ಕೆ ಉತ್ತರ ಕೊಡುತ್ತೆ. ನೀವು ಈಗ ಜೋರಾಗಿ ತುಳಿದ್ರೆ ಬಡಿತ ಪೂರ್ತಿ ಏರೋದಕ್ಕೆ ಒಂದೆರಡು ನಿಮಿಷ ಬೇಕು. ಮೇಲಿಂದ ಬಿಸಿಲು, ಕಾಫಿ, ಇಂಟರ್ನಲ್ಸ್ ಹಿಂದಿನ ರಾತ್ರಿ ನಿದ್ದೆಗೆಟ್ಟಿದ್ದು ಎಲ್ಲವೂ ಅದನ್ನ ಬದಲಾಯಿಸುತ್ತೆ. ವ್ಯಾಟ್‌ಗೆ ಇದ್ಯಾವುದರ ಹಂಗೂ ಇಲ್ಲ.

ಒಳಗೆ ಏನಿದೆ?

ಸೂತ್ರ ನಮಗೆಲ್ಲ ಗೊತ್ತಿರೋದೇ: ಪವರ್ = ಟಾರ್ಕ್ × ಕೋನೀಯ ವೇಗ. ಕೋನೀಯ ವೇಗ ಸುಲಭ. ಒಂದು ಆಕ್ಸೆಲರೋಮೀಟರ್ ಅಥವಾ ಜೈರೋ ಕ್ರ್ಯಾಂಕ್ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಹೇಳುತ್ತೆ. ಕಷ್ಟ ಇರೋದು ಟಾರ್ಕ್‌ನಲ್ಲಿ.

ನೀವು ಪೆಡಲ್ ತುಳಿದಾಗ ಕ್ರ್ಯಾಂಕ್‌ನ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತೆ. ಅದರ ಮೇಲೆ ಅಂಟಿಸಿರೋ ಸ್ಟ್ರೇನ್ ಗೇಜ್ ಕೂಡ ಜೊತೆಯಲ್ಲೇ ಹಿಗ್ಗುತ್ತೆ, ಅದರ ರೆಸಿಸ್ಟೆನ್ಸ್ ಬದಲಾಗುತ್ತೆ. ಎಷ್ಟು? ಗೇಜ್ ಫ್ಯಾಕ್ಟರ್ 2, ಸ್ಟ್ರೇನ್ 100 ಮೈಕ್ರೋ ಅಂದ್ರೆ 350 ಓಮ್‌ನ ಗೇಜ್‌ನಲ್ಲಿ ಬದಲಾವಣೆ ಬರೀ 0.07 ಓಮ್. ಇಷ್ಟು ಚಿಕ್ಕದನ್ನ ಮಲ್ಟಿಮೀಟರ್ ಇಟ್ಟು ಅಳೆಯೋಕಾಗಲ್ಲ. ಅದಕ್ಕೇ ಸೆಕೆಂಡ್ ಪಿಯುಸಿ ಫಿಸಿಕ್ಸ್‌ನಲ್ಲಿ ಮಾರ್ಕ್ಸ್‌ಗೋಸ್ಕರ ಉರು ಹೊಡೆದ ವೀಟ್‌ಸ್ಟೋನ್ ಬ್ರಿಡ್ಜ್ ಇಲ್ಲಿ ಕೆಲಸಕ್ಕೆ ಬರುತ್ತೆ. ನಾಲ್ಕು ಗೇಜ್‌ಗಳ ಬ್ರಿಡ್ಜ್, ಒಂದು ಆಂಪ್ಲಿಫೈಯರ್, ಒಂದು ಮೈಕ್ರೋಕಂಟ್ರೋಲರ್, ಬ್ಲೂಟೂತ್ ರೇಡಿಯೋ. ಮೆಕ್ಯಾನಿಕಲ್‌ನವರು, ಇ ಅಂಡ್ ಸಿ ನವರು ಜಗಳ ಇಲ್ಲದೆ ಸೇರಿ ಮಾಡಬಹುದಾದ ಸಾಧನ ಇದು.

ಇದನ್ನ ಮೊದಲು ಸೈಕಲ್‌ಗೆ ತಂದವರಲ್ಲಿ ಪ್ರಮುಖರು ಜರ್ಮನಿಯ ಇಂಜಿನಿಯರ್ ಉಲ್ರಿಚ್ ಶೋಬೆರರ್. 1986ರಲ್ಲಿ ಅವರು ಶುರುಮಾಡಿದ ಎಸ್‌ಆರ್‌ಎಂ ಮೀಟರ್ ಬಹಳ ವರ್ಷ ದೊಡ್ಡ ದೊಡ್ಡ ಪ್ರೊಫೆಷನಲ್‌ಗಳ ಕೈಗೆ ಮಾತ್ರ ಎಟುಕ್ತಿತ್ತು. 2012ರಲ್ಲಿ ಸ್ಟೇಜಸ್ ಕಂಪನಿ ಎಡಗಾಲಿನ ಕ್ರ್ಯಾಂಕ್‌ಗೆ ಮಾತ್ರ ಗೇಜ್ ಅಂಟಿಸಿ ಮಾರೋಕೆ ಶುರು ಮಾಡಿದ ಮೇಲೆ ಬೆಲೆ ಇಳಿಯಿತು. ಈಗ ಚೀನಾದ ಕಂಪನಿಗಳೂ ಬಂದಿವೆ. ಆದ್ರೂ ಹೇಳ್ತೀನಿ, ನಮ್ಮ ಸ್ಟ್ಯಾಂಡ್‌ನಲ್ಲಿ ನಿಲ್ಲೋ ಬಹುಪಾಲು ಸೈಕಲ್‌ಗಳಿಗಿಂತ ಮೀಟರ್ ಬೆಲೆಯೇ ಜಾಸ್ತಿ.

ಎಲ್ಲಿ ಕೂರಿಸೋದು? ನಾಲ್ಕು ಜಾಗ

*ಪೆಡಲ್.* ಗಾರ್ಮಿನ್, ಫಾವೆರೋ ಥರದವರು ಪೆಡಲ್ ಒಳಗೇ ಎಲ್ಲ ಇಡ್ತಾರೆ. ಸ್ಪ್ಯಾನರ್ ಇದ್ರೆ ಐದು ನಿಮಿಷದಲ್ಲಿ ಒಂದು ಸೈಕಲ್‌ನಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. (ಎಡ ಪೆಡಲ್‌ನ ಥ್ರೆಡ್ ಉಲ್ಟಾ ಅನ್ನೋದು ನೆನಪಿರಲಿ.) ಎರಡೂ ಕಾಲನ್ನ ಬೇರೆ ಬೇರೆ ಅಳೆಯೋ ಜೋಡಿಯೂ ಸಿಗುತ್ತೆ. "ನಾಲ್ಕು ಜನ ದುಡ್ಡು ಹಾಕಿ ಒಂದು ಜೋಡಿ ತಗೊಂಡು ಸರದಿ ಪ್ರಕಾರ ಬಳಸೋಣ" ಅನ್ನೋದೇ ನಮ್ಮ ಮೊದಲ ಪ್ಲಾನ್. ಆದರೆ ಇವುಗಳಲ್ಲಿ ಬಹುತೇಕ ಎಲ್ಲದಕ್ಕೂ ಕ್ಲೀಟ್ ಹಾಕಿದ ಸೈಕ್ಲಿಂಗ್ ಶೂ ಬೇಕು. ನಮ್ಮಲ್ಲಿ ಮೂವರು ತುಳಿಯೋದು ಮಾಮೂಲಿ ಸ್ಪೋರ್ಟ್ಸ್ ಶೂನಲ್ಲಿ. ನಾಲ್ಕು ಪಾಲಿನ ಜೊತೆ ಮೂರು ಜೊತೆ ಶೂ, ಕ್ಲೀಟ್ ಸೇರಿಸಿದ ಮೇಲೆ ಆ ಪ್ಲಾನ್ ಅಲ್ಲೇ ಬಿತ್ತು. ಪೆಡಲ್ ನೆಲಕ್ಕೆ ಹತ್ತಿರ ಇರೋದ್ರಿಂದ ಬಿದ್ದಾಗ ಮೊದಲು ಏಟು ತಿನ್ನೋದೂ ಅದೇ.

*ಎಡ ಕ್ರ್ಯಾಂಕ್.* ಸ್ಟೇಜಸ್, 4ಐಐಐಐ ಮಾದರಿಯವು. ನಿಮ್ಮ ಎಡಗಡೆ ಕ್ರ್ಯಾಂಕ್ ತೆಗೆದು ಮೀಟರ್ ಇರೋದನ್ನ ಹಾಕೋದು. ಅಗ್ಗ, ಹಗುರ. ಆದರೆ ನಿಮ್ಮ ಕ್ರ್ಯಾಂಕ್ ಮಾಡೆಲ್‌ಗೆ ಹೊಂದಬೇಕು. ಸ್ವಲ್ಪ ಒಳ್ಳೆಯ ರೋಡ್ ಬೈಕ್‌ಗಳಲ್ಲಿ 24 ಮಿ.ಮೀ. ಟೊಳ್ಳು ಆಕ್ಸಲ್‌ನ ಶಿಮಾನೋ ಹಾಲೋಟೆಕ್ ಇರುತ್ತೆ, ಅದಕ್ಕೆ ಸುಲಭವಾಗಿ ಸಿಗುತ್ತೆ. ಕ್ಯಾಂಪಸ್‌ನ ಹೈಬ್ರಿಡ್, ಎಂಟಿಬಿಗಳಲ್ಲಿ ಬಹಳಷ್ಟಕ್ಕೆ ಚೌಕ ಮೂತಿಯ ಆಕ್ಸಲ್ ಇರುತ್ತೆ, ಅದಕ್ಕೆ ಸಿಗೋದು ಕಷ್ಟ. ಇನ್ನೊಂದು ವಿಷಯ: ಇದು ಎಡಗಾಲನ್ನ ಅಳೆದು ಎರಡರಿಂದ ಗುಣಿಸುತ್ತೆ, ಅಷ್ಟೇ. ಇದರ ಬಗ್ಗೆ ಮುಂದೆ ಹೇಳ್ತೀನಿ.

*ಸ್ಪೈಡರ್.* ಬಲಗಡೆ ಕ್ರ್ಯಾಂಕ್‌ಗೂ ಹಲ್ಲಿನ ಚಕ್ರಕ್ಕೂ ನಡುವೆ ಇರೋ ನಕ್ಷತ್ರದಂಥ ಭಾಗ. ಎಸ್‌ಆರ್‌ಎಂ, ಕ್ವಾರ್ಕ್, ಚೀನಾದ ಮ್ಯಾಜೀನ್ ಇಲ್ಲಿ ಅಳೆಯುತ್ತವೆ. ಎರಡೂ ಕಾಲಿನ ಟಾರ್ಕ್ ಇದನ್ನ ದಾಟಿಯೇ ಚೈನಿಗೆ ಹೋಗಬೇಕಾದ್ದರಿಂದ ಒಟ್ಟು ಮೊತ್ತ ನಿಜವಾಗಿ ಸಿಗುತ್ತೆ. ಯಾವ ಶೂ ಆದ್ರೂ ನಡೆಯುತ್ತೆ. ಕೆಲವು ಇಡೀ ಕ್ರ್ಯಾಂಕ್‌ಸೆಟ್ ಸಮೇತ ಬರುತ್ತವೆ. ಒಂದು ಸೈಕಲ್‌ನಿಂದ ಇನ್ನೊಂದಕ್ಕೆ ಬದಲಾಯಿಸೋದು ಮಾತ್ರ ತಲೆನೋವು.

*ಹಿಂದಿನ ಹಬ್.* ಪವರ್‌ಟ್ಯಾಪ್ ಇದಕ್ಕೆ ಹೆಸರಾಗಿತ್ತು. ಚೈನ್‌ನಲ್ಲಿ ಎರಡು-ಮೂರು ಪರ್ಸೆಂಟ್ ಕಳೆದುಹೋದ ಮೇಲೆ ಉಳಿದಿದ್ದನ್ನ ಅಳೆಯೋದ್ರಿಂದ ಪೆಡಲ್ ಮೀಟರ್‌ಗಿಂತ ಸ್ವಲ್ಪ ಕಮ್ಮಿ ತೋರಿಸುತ್ತೆ. ಅದು ತಪ್ಪಲ್ಲ, ಅಳೆಯೋ ಜಾಗ ಬೇರೆ. ಈಗ ಹೊಸದು ಸಿಗೋದು ಅಪರೂಪ.

ಐದನೆಯದು ಒಂದಿದೆ, ಫೋನ್ ಆ್ಯಪ್‌ಗಳು ಪುಕ್ಕಟೆ ತೋರಿಸೋ "ಅಂದಾಜು ಪವರ್". ಅದು ನಿಮ್ಮ ತೂಕ, ವೇಗ, ಏರಿಕೆ ಇಟ್ಕೊಂಡು ಹಿಂದಿಂದ ಲೆಕ್ಕ ಹಾಕುತ್ತೆ. ನಿಮ್ಮ ಮುಖಕ್ಕೆ ಬಡಿಯೋ ಗಾಳಿ ಅದಕ್ಕೆ ಗೊತ್ತಾಗಲ್ಲ. ಗಾಳಿಯೊಂದರಿಂದಲೇ ಹೋಗುವಾಗಿನ ಪವರ್ 125ರಿಂದ 195 ಆಗೋ ನಮ್ಮ ರಸ್ತೆಯಲ್ಲಿ ಆ ಅಂದಾಜಿಗೆ ಬೆಲೆ ಎಷ್ಟು, ನೀವೇ ಹೇಳಿ.

ಎರಡರಿಂದ ಗುಣಿಸಿದ್ರೆ ಏನಾಗುತ್ತೆ?

ಬಹಳ ಜನರ ಎರಡೂ ಕಾಲು ಪೂರ್ತಿ ಸಮ ಇರಲ್ಲ. ಎಡ 49, ಬಲ 51 ಆದ್ರೆ ಎಡ ಕ್ರ್ಯಾಂಕ್ ಮೀಟರ್ ಎರಡು ಪರ್ಸೆಂಟ್ ಕಮ್ಮಿ ತೋರಿಸುತ್ತೆ. ದಿನವೂ ಅಷ್ಟೇ ಕಮ್ಮಿ ತೋರಿಸಿದ್ರೆ ತೊಂದರೆ ಇಲ್ಲ. ನಿಮ್ಮನ್ನ ನಿಮ್ಮ ಜೊತೆಯೇ ಹೋಲಿಸ್ಕೊಳ್ಳೋದಲ್ವಾ? ನಮ್ಮ ತೂಕದ ಕಲ್ಲು ಸ್ವಲ್ಪ ಸವೆದಿದ್ರೂ ನಿನ್ನೆಗಿಂತ ಇವತ್ತು ಜಾಸ್ತಿಯಾ ಕಮ್ಮಿಯಾ ಅಂತ ಹೇಳೋಕೆ ಅದೇ ಕಲ್ಲು ಸಾಕು.

ಆದರೆ ನಮ್ಮ ಗೆಳೆಯನ ಕೇಸ್ ಬೇರೆ. ಕಬಡ್ಡಿ ಆಡುವಾಗ ಅವನ ಎಡಗಾಲಿನ ಮೂಳೆ ಮುರಿದು, ಕಳೆದ ವರ್ಷವಷ್ಟೇ ಪ್ಲಾಸ್ಟರ್ ಬಿಚ್ಚಿದ್ದು. ಈಗ ಅವನು ಎಡಗಾಲಲ್ಲಿ 46, ಬಲಗಾಲಲ್ಲಿ 54 ಪರ್ಸೆಂಟ್ ತುಳಿತಾನೆ ಅಂದ್ಕೊಳ್ಳಿ. ನಿಜವಾದ ಪವರ್ 200 ವ್ಯಾಟ್ ಆದ್ರೆ ಎಡಗಾಲು ಕೊಡೋದು 92. ಮೀಟರ್ ತೋರಿಸೋದು 184. ಆರು ತಿಂಗಳಲ್ಲಿ ಎಡಗಾಲು ಚೇತರಿಸಿಕೊಂಡು ಎರಡೂ ಸಮ ಆಯ್ತು, ಒಟ್ಟು ಪವರ್ ಅದೇ 200. ಮೀಟರ್ ಈಗ 200 ತೋರಿಸುತ್ತೆ. ಅವನು "16 ವ್ಯಾಟ್ ಏರಿದೆ, ಟ್ರೈನಿಂಗ್ ಫಲ ಕೊಡ್ತಿದೆ" ಅಂತ ಖುಷಿಪಡ್ತಾನೆ. ಅಸಲಿಗೆ ವೇಗ ಒಂದು ಚೂರೂ ಹೆಚ್ಚಿರಲ್ಲ. ಸೆಲೆಕ್ಷನ್ ದಿನ ಗಡಿಯಾರ ಸತ್ಯ ಹೇಳುತ್ತೆ, ಅಷ್ಟರಲ್ಲಿ ಆರು ತಿಂಗಳು ಹೋಗಿರುತ್ತೆ.

ಅಂದ್ರೆ ಇಲ್ಲಿ ಸವೆದ ಕಲ್ಲಷ್ಟೇ ಅಲ್ಲ, ತೂಕ ಬದಲಾಗ್ತಾ ಇರೋ ಕಲ್ಲು. ಅವನಿಗೆ ಎಡ ಕ್ರ್ಯಾಂಕ್ ಎಷ್ಟೇ ಅಗ್ಗಕ್ಕೆ ಸಿಕ್ಕಿದ್ರೂ ಬೇಡ. ಎರಡೂ ಕಾಲು ಸಮ ಇರೋ ನಿಮಗೆ ಅದೇ ಒಳ್ಳೆ ಆಯ್ಕೆ ಇರಬಹುದು. ಕಾಲಿಗೆ, ಮಂಡಿಗೆ, ಸೊಂಟಕ್ಕೆ ಪೆಟ್ಟಾಗಿದ್ದವರು ಮಾತ್ರ ಇದನ್ನ ಯೋಚನೆ ಮಾಡ್ಲೇಬೇಕು.

ಕೊಳ್ಳೋ ಮುಂಚೆ ನೋಡಬೇಕಾದ್ದು

*ಆಕ್ಯುರಸಿ.* ಕಂಪನಿಗಳು ಪ್ಲಸ್-ಮೈನಸ್ 1 ಅಥವಾ 1.5 ಅಥವಾ 2 ಪರ್ಸೆಂಟ್ ಅಂತ ಬರೀತವೆ. 200 ವ್ಯಾಟ್‌ಗೆ 1 ಪರ್ಸೆಂಟ್ ಅಂದ್ರೆ 2 ವ್ಯಾಟ್. ನಮ್ಮಂಥವರಿಗೆ 1ಕ್ಕೂ 2ಕ್ಕೂ ಇರೋ ವ್ಯತ್ಯಾಸಕ್ಕೆ ಹೆಚ್ಚು ದುಡ್ಡು ಕೊಡೋ ಅಗತ್ಯ ಇಲ್ಲ. ದಿನದಿಂದ ದಿನಕ್ಕೆ ಒಂದೇ ಥರ ತೋರಿಸೋದು ಮುಖ್ಯ.

*ತಾಪಮಾನ.* ಡಿಸೆಂಬರ್ ಬೆಳಿಗ್ಗೆ ಆರಕ್ಕೆ ಚಳಿಯಲ್ಲಿ ಹೊರಟು ಹತ್ತು ಗಂಟೆ ಬಿಸಿಲಲ್ಲಿ ವಾಪಸ್ ಬರ್ತೀರಿ. ಲೋಹ ಹಿಗ್ಗುತ್ತೆ, ಗೇಜ್‌ನ ಸೊನ್ನೆ ಜರುಗುತ್ತೆ. ಆಟೋಮ್ಯಾಟಿಕ್ ತಾಪಮಾನ ಸರಿದೂಗಿಸೋ ವ್ಯವಸ್ಥೆ ಇದೆಯಾ ಕೇಳಿ. ಇದ್ರೂ ಸೈಕಲ್‌ನ ಹತ್ತು ನಿಮಿಷ ಹೊರಗೆ ನಿಲ್ಲಿಸಿ, ಆಮೇಲೆ ಆ್ಯಪ್‌ನಲ್ಲಿ ಝೀರೋ ಆಫ್‌ಸೆಟ್ ಮಾಡಿ ಹೊರಡಿ.

*ಮಳೆ, ಧೂಳು.* ಐಪಿ67 ಅಂತಿದ್ರೆ 6 ಅಂದ್ರೆ ಧೂಳು ಒಳಗೆ ಹೋಗಲ್ಲ, 7 ಅಂದ್ರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆ ತಡೆಯುತ್ತೆ. ಹಾಗಂತ ಪ್ರೆಶರ್ ವಾಷರ್ ಹಿಡಿಯಬೇಡಿ.

*ಬ್ಯಾಟರಿ.* ಕಾಯಿನ್ ಸೆಲ್ ಆದ್ರೆ ಪೇಟೆಯಲ್ಲಿ ಎಲ್ಲಾದ್ರೂ ಸಿಗುತ್ತೆ, ಮುಚ್ಚಳ ಸಡಿಲ ಆದ್ರೆ ನೀರು ಹೋಗುತ್ತೆ. ಚಾರ್ಜ್ ಮಾಡೋದಾದ್ರೆ ಅದರದ್ದೇ ಕೇಬಲ್ ಕಳೆದುಹೋಗದ ಹಾಗೆ ನೋಡ್ಕೊಳ್ಳಿ.

*ಡಿಸ್‌ಪ್ಲೇ.* ಬ್ಲೂಟೂತ್ ಇದ್ರೆ ನಿಮ್ಮ ಫೋನೇ ಸಾಕು. ಆಂಟ್ ಪ್ಲಸ್ ಅನ್ನೋದು ಸೈಕಲ್ ಕಂಪ್ಯೂಟರ್‌ಗಳಿಗೆ. ಎರಡೂ ಇರೋ ಮೀಟರ್ ತಗೊಳ್ಳಿ.

*ಸರ್ವಿಸ್.* ಹೊರದೇಶದಿಂದ ತರಿಸಿದ್ರೆ ಕಸ್ಟಮ್ಸ್ ಸುಂಕ ಸೇರಿಸಿಯೇ ಬೆಲೆ ಹೋಲಿಸಿ. ಕೆಟ್ಟರೆ ಎಲ್ಲಿಗೆ ಕಳಿಸಬೇಕು, ವಾರಂಟಿ ಭಾರತದಲ್ಲಿ ನಡೆಯುತ್ತಾ ಅನ್ನೋದನ್ನ ಬರಹದಲ್ಲಿ ಕೇಳಿ. ಸೆಕೆಂಡ್ ಹ್ಯಾಂಡ್ ಆದ್ರೆ ಬ್ಯಾಟರಿ ಜಾಗದಲ್ಲಿ ಹಸಿರು ತುಕ್ಕು ಇದೆಯಾ ನೋಡಿ.

*ಪರೀಕ್ಷೆ.* ಇದು ನಮಗೆ ಬಹಳ ಇಷ್ಟ ಆದ ಭಾಗ. ಕ್ರ್ಯಾಂಕ್ ನೆಲಕ್ಕೆ ಸಮಾನಾಂತರ ನಿಲ್ಲಿಸಿ, ಬ್ರೇಕ್ ಹಿಡಿದು, ಪೆಡಲ್ ಆಕ್ಸಲ್‌ಗೆ ಸರಿಯಾಗಿ ತೂಗಿದ 10 ಕೆಜಿ ನೇತುಹಾಕಿ. ಕ್ರ್ಯಾಂಕ್ ಉದ್ದ 170 ಮಿ.ಮೀ. ಆದ್ರೆ ಟಾರ್ಕ್ 10 × 9.81 × 0.17, ಅಂದ್ರೆ 16.7 ನ್ಯೂಟನ್ ಮೀಟರ್ ಬರಬೇಕು. ಟಾರ್ಕ್ ತೋರಿಸೋ ಆ್ಯಪ್ ಇದ್ರೆ ಎಷ್ಟು ಬಂತು ನೋಡಿ. ನಿಮಿಷಕ್ಕೆ 80 ಸುತ್ತಿನಲ್ಲಿ ಈ ಟಾರ್ಕ್ ಸುಮಾರು 140 ವ್ಯಾಟ್‌ಗೆ ಸಮ. ಪೆಡಲ್ ಮೀಟರ್ ಆದ್ರೆ ಆ್ಯಪ್‌ನಲ್ಲಿ ಕ್ರ್ಯಾಂಕ್ ಉದ್ದ ಸರಿಯಾಗಿ ಹಾಕಿ. 170ರ ಬದಲು 165 ಹಾಕಿದ್ರೆ ಸುಮಾರು 3 ಪರ್ಸೆಂಟ್ ತಪ್ಪು ಅಲ್ಲೇ ಬರುತ್ತೆ.

ದುಡ್ಡಿಲ್ಲದವರ ಪವರ್ ಮೀಟರ್

ಒಂದು ಏರು ರಸ್ತೆ, ಒಂದು ತೂಕದ ಯಂತ್ರ, ಒಂದು ವಾಚ್. ಉದಾಹರಣೆಗೆ 4 ಕಿ.ಮೀ.ನಲ್ಲಿ 200 ಮೀಟರ್ ಏರೋ ರಸ್ತೆಯನ್ನ 75 ಕೆಜಿ ಒಟ್ಟು ತೂಕದಲ್ಲಿ 15 ನಿಮಿಷದಲ್ಲಿ ಹತ್ತಿದ್ರೆ, ಎತ್ತರಕ್ಕೆ ಮಾತ್ರ 163 ವ್ಯಾಟ್. ಟೈರ್‌ಗೆ 20, ಗಾಳಿಗೆ 19 ಸೇರಿಸಿದ್ರೆ 202. ಏರಿನಲ್ಲಿ ವೇಗ ಕಮ್ಮಿ, ಹಾಗಾಗಿ ಗಾಳಿಯ ಪಾಲು ಕಮ್ಮಿ, ಲೆಕ್ಕ ನಂಬಬಹುದು. ಮೈಸೂರಿನ ಚಾಮುಂಡಿ ಬೆಟ್ಟದಲ್ಲಿ ತಿಂಗಳಿಗೊಂದು ಸಲ ಇದನ್ನ ಮಾಡಿ, ದೂರ ಮತ್ತು ಏರಿಕೆ ಮ್ಯಾಪ್‌ನಲ್ಲಿ ತೆಗೆದ್ಕೊಳ್ಳಿ.

ಹತ್ತಿರದ ಗೋಪಾಲಸ್ವಾಮಿ ಬೆಟ್ಟ 1,454 ಮೀಟರ್ ಇದೆ, ಆಸೆ ಆಗುತ್ತೆ. ಆದರೆ ಅಲ್ಲಿ ಖಾಸಗಿ ವಾಹನ ಬಿಡಲ್ಲ, ಬುಡದಿಂದ ಸರ್ಕಾರಿ ಬಸ್ಸೇ. ಗುಂಡ್ಲುಪೇಟೆ ದಾಟಿ ಬಂಡೀಪುರದ ಹೆದ್ದಾರಿಯಲ್ಲೂ ಟ್ರೈನಿಂಗ್ ಬೇಡ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಅಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧ ಇರೋದು ಸುಮ್ಮನೆ ಅಲ್ಲ. ಆನೆಗೆ ನಿಮ್ಮ ವ್ಯಾಟ್ ಎಷ್ಟು ಅನ್ನೋದು ಬೇಕಾಗಿಲ್ಲ. ಅದರಾಚೆಗಿನ ಮಸಿನಗುಡಿಯಿಂದ ಊಟಿಗೆ ಏರೋ ಕಲ್ಲಟ್ಟಿ ಘಾಟ್‌ನ 36 ಹೇರ್‌ಪಿನ್ ತಿರುವುಗಳನ್ನ 2008ರಲ್ಲಿ ಶುರುವಾದ ಟೂರ್ ಆಫ್ ನೀಲ್ಗಿರೀಸ್‌ನಂಥ ವ್ಯವಸ್ಥಿತ ರೈಡ್‌ನಲ್ಲಿ ಹತ್ತೋದೇ ಸರಿ.

ಹಾಗಾದ್ರೆ ಯಾರು ತಗೋಬೇಕು?

ಗೆಳೆಯನ ಅಪ್ಪ ಕೇಳಿದ ಪ್ರಶ್ನೆ ನೇರವಾಗಿತ್ತು: "ಇದು ಹಾಕಿದ್ರೆ ಸೈಕಲ್ ಜೋರಾಗಿ ಓಡ್ತದಾ?" ಉತ್ತರ: ಇಲ್ಲ. ಡೈರಿಯಲ್ಲಿ ಹಾಲಿನ ಫ್ಯಾಟ್ ನೋಡೋ ಮೆಷಿನ್ ಇದ್ದ ಮಾತ್ರಕ್ಕೆ ಹಸು ಜಾಸ್ತಿ ಕರೆಯಲ್ಲ. ಆದರೆ ಯಾವ ಮೇವು ಹಾಕಿದ ವಾರ ಫ್ಯಾಟ್ ಏರಿತು ಅಂತ ಆ ಮೆಷಿನ್ ಇಲ್ಲದೆ ಗೊತ್ತಾಗಲ್ಲ. ಮೇವು ಬದಲಾಯಿಸೋ ಮನಸ್ಸಿಲ್ಲದವರಿಗೆ ಮೆಷಿನ್ ದಂಡ.

ವಾರಕ್ಕೆ ಮೂರು-ನಾಲ್ಕು ದಿನ ತಪ್ಪದೆ ಓಡಿಸ್ತಿದ್ದೀರಾ? ಇಂಥ ದಿನ ಇಂಥ ರೇಸ್ ಅಂತ ಒಂದು ಗುರಿ ಇದೆಯಾ? 20 ನಿಮಿಷ ಪೂರ್ತಿ ಜೋರಾಗಿ ತುಳಿದು, ಬಂದ ಸರಾಸರಿಯ ಶೇಕಡ 95ನ್ನ ನಿಮ್ಮ ಒಂದು ಗಂಟೆಯ ತಾಕತ್ತು ಅಂತ ಹಿಡಿದು, ಅದರ ಮೇಲೆ ವಾರದ ಪ್ಲಾನ್ ಹಾಕೋ ತಾಳ್ಮೆ ಇದೆಯಾ? ಮೂರಕ್ಕೂ ಹೌದಾದ್ರೆ ಮೀಟರ್ ನಿಮಗೆ ಕೆಲಸಕ್ಕೆ ಬರುತ್ತೆ. ಅದರಲ್ಲೂ ಟೈಮ್ ಟ್ರಯಲ್‌ನಲ್ಲಿ ಸವಾರ ಒಬ್ಬನೇ, ಎದುರಿಗೆ ಗಡಿಯಾರ ಮಾತ್ರ, ಹಿಂದೆ ಅಡಗಿಕೊಳ್ಳೋಕೆ ಯಾರೂ ಇಲ್ಲ. ಅಲ್ಲಿ ಪವರ್ ಹಂಚಿಕೊಳ್ಳೋದೇ ಆಟ. ಈ ವಿಭಾಗದಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಬೆಂಗಳೂರಿನ ನವೀನ್ ಜಾನ್ ಓದಿದ್ದೂ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಅನ್ನೋದು ನಮಗೆಲ್ಲ ಸ್ವಲ್ಪ ಹೆಮ್ಮೆಯ ವಿಷಯ.

ನಮ್ಮ ನಾಲ್ವರಲ್ಲಿ ಮೂರೂ ಪ್ರಶ್ನೆಗೆ ಹೌದು ಅಂದವನು ಅವನೊಬ್ಬನೇ. ಉಳಿದ ಮೂವರು ವಾಚು, ಚಾಮುಂಡಿ ಬೆಟ್ಟಕ್ಕೇ ಸಾಕು ಅಂದ್ವಿ. ಅವನ ಸೈಕಲ್‌ಗೆ 24 ಮಿ.ಮೀ. ಆಕ್ಸಲ್ ಇದೆ, ಎಡಗಾಲು ಇನ್ನೂ ಚೇತರಿಸಿಕೊಳ್ತಿದೆ, ಬೇರೆ ಸೈಕಲ್‌ಗೆ ಬದಲಾಯಿಸೋ ಅಗತ್ಯ ಇಲ್ಲ. ಎಲ್ಲ ಸೇರಿಸಿ ನೋಡಿದ್ರೆ ಕ್ರ್ಯಾಂಕ್‌ಸೆಟ್ ಸಮೇತ ಬರೋ ಸ್ಪೈಡರ್ ಮೀಟರ್ ಅವನಿಗೆ ಸರಿ ಅಂತ ತೀರ್ಮಾನ ಆಯ್ತು. ಮೊತ್ತದಲ್ಲಿ ಉಳಿಯೋ ದುಡ್ಡಿಗೆ ಒಂದು ಜೊತೆ ಒಳ್ಳೆ ಟೈರ್. ಆ 31 ವ್ಯಾಟ್ ಕಮ್ಮಿ ಮಾಡೋದೂ ವೇಗವೇ ಅಲ್ವಾ.

ನಿಮ್ಮ ಸೈಕಲ್‌ಗೆ ಯಾವ ಆಕ್ಸಲ್ ಅಂತ ಗೊತ್ತಾಗದಿದ್ರೆ ಸಂಜೆ ಐದರ ಮೇಲೆ ಮೆಕ್ಯಾನಿಕಲ್ ಬ್ಲಾಕ್ ಹಿಂದಿನ ಸೈಕಲ್ ಸ್ಟ್ಯಾಂಡ್ ಹತ್ತಿರ ಬನ್ನಿ. ವರ್ನಿಯರ್ ಕ್ಯಾಲಿಪರ್ ನಮ್ಮ ಹತ್ರ ಇದೆ. 10 ಕೆಜಿ ತೂಕದ ಕಲ್ಲು ಮಾತ್ರ ಯಾರಾದ್ರೂ ತನ್ನಿ.